ಕಡಲಿಗೆ ಬಿದ್ದ ಹಲ್ಲು

ಆಪೋ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಲಿಗಾಯಾಳ ಬಾಯಿಗೆ ಬಿಡುವೇ ಇರಲಿಲ್ಲ. ಬಾಕೊಲೊಡ್‌ನ ಶಾಲೆಯಲ್ಲಿ ಪಾಠ ಹೇಳಿ ಹೇಳಿ ಪಳಗಿದ ಗಂಟಲು ಅದು. ಎಂಜಿನ್ನಿನ ಸದ್ದನ್ನೂ ಮೀರಿಸುತ್ತಿತ್ತು. ಜೊತೆಗಿದ್ದವರು ಅದೇ ಶಾಲೆಯ ಗೆಳತಿಯರು, ಹೊವಿತಾ ಮತ್ತು ಟೆಸ್ಸಿ. ಮೊಣಕಾಲು ಗಟ್ಟಿಯಿರುವಾಗಲೇ ಕಡಲ ತಳ ನೋಡಿಬಿಡಬೇಕು ಎಂಬುದು ಹೊವಿತಾಳ ಹಟ.

"ನೀರೊಳಗೆ ಮಾತಾಡೋ ಹಾಗಿಲ್ಲ ಕಣೇ. ನಿನ್ನ ಗತಿಯೇನು?" ಎಂದಳು ಹೊವಿತಾ.

"ನನಗೇನು? ಮೀನುಗಳಿಗೆ ಬೇಜಾರಾಗುತ್ತೆ ಅಷ್ಟೆ."

ಹಾಗೆ ಹೇಳಿದರೂ ಲಿಗಾಯಾಳಿಗೆ ಒಳಗೊಳಗೇ ಅಳುಕು. ಅವಳ ಮೇಲ್ಸಾಲಿನ ಹಲ್ಲುಗಳೆಲ್ಲ ಕಟ್ಟಿಸಿಕೊಂಡವು. ಗಂಡನನ್ನು ಬಿಟ್ಟರೆ ಬೇರೆ ಯಾರಿಗೂ ಅದು ತಿಳಿಯದು. ಗಾಳಿಯ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕೆಂದು ಮುಳುಗು ಕಲಿಸುವ ರೊಡೆಲ್ ತೋರಿಸಿಕೊಟ್ಟಾಗ ಹೇಳಿಬಿಡೋಣವೆನ್ನಿಸಿತು. ಪಕ್ಕದಲ್ಲಿ ಹೊವಿತಾ ನಿಂತಿದ್ದಳು. ಲಿಗಾಯಾ ಹೇಳದೆಯೇ ಕೊಳವೆ ಕಚ್ಚಿಕೊಂಡಳು.

ಕೆಳಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಮುದಿ ಆಮೆಯೊಂದು ಎದುರಾಗಿ ಅವರನ್ನು ಮೇಲಿಂದ ಕೆಳಗೆ ನೋಡಿತು. ಥೇಟ್ ಶಾಲೆಯ ಹೆಡ್‌ಮಾಸ್ಟರರ ಮುಖ! ಟೆಸ್ಸಿ ಬೆನ್ನ ಹಿಂದೆ ಕೈಕಟ್ಟಿ ಅವರಂತೆಯೇ ತೇಲಿದಳು. ಲಿಗಾಯಾಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ತೆರೆದದ್ದೇ ತಡ, ಕೊಳವೆ ಜಾರಿತು, ಅದರ ಹಿಂದೆಯೇ ಹಲ್ಲಿನ ಸೆಟ್ಟೂ ಹೊರಟಿತು. ಉಪ್ಪುನೀರು ನುಗ್ಗಿತು. ರೊಡೆಲ್ ಕ್ಷಣದಲ್ಲಿ ಬಂದು ಕೊಳವೆಯನ್ನು ಬಾಯಿಗಿಟ್ಟು, ಅಂಗೈಯಿಂದ ಒತ್ತಿ ಹಿಡಿದು, ಅವಳನ್ನು ನಿಧಾನವಾಗಿ ಮೇಲಕ್ಕೆ ಕರೆತಂದ. ಹಲ್ಲು ಹವಳದ ಸಂದಿಗೆ ಇಳಿಯುವುದನ್ನು ಅವಳು ನೋಡುತ್ತಲೇ ಇದ್ದಳು.

ದೋಣಿ ಹತ್ತಿದವಳು ಬಾಯಿಗೆ ಟವೆಲು ಒತ್ತಿಕೊಂಡು ಕುಳಿತಳು. ಎಷ್ಟು ಕೇಳಿದರೂ ಮಾತಿಲ್ಲ.

"ರೊಡೆಲ್, ಇವಳಿಗೇನೋ ಆಗಿದೆ! ಇವಳು ಸುಮ್ನಿರೋಳೇ ಅಲ್ಲ!" ಹೊವಿತಾಳ ಕಣ್ಣಲ್ಲಿ ನೀರು ತುಂಬಿತು.

ಅದನ್ನು ಕಂಡು ಲಿಗಾಯಾ ಟವೆಲು ತೆಗೆದು ಬೊಚ್ಚುಬಾಯಲ್ಲೇ ತೊದಲಿದಳು. "ಹಲ್ಲಿನ ಶೆಟ್ಟು ಬಿದ್ದೋಯ್ತು ಕಣೇ."

ಹೊವಿತಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಯಾವಾಗಿಂದ ಇದು?"

"ಮಗಳ ಮದುವೆಗೂ ಮುಂಚಿಂದ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಶಂಗೀತದ ಮೇಡಂ ಶೆಟ್ಟು ಹಾಕಿಶ್ಕೊಂಡಾಗ ವಾರಗಟ್ಲೆ ಆಡ್ಕೊಂಡು ನಕ್ಕೋಳು ಯಾರು?"

ಹೊವಿತಾಳ ಮುಖ ಸಪ್ಪಗಾಯಿತು. ಬೆನ್ನಿಗೆ ಗಾಳಿಯ ಹೊಸ ಸಿಲಿಂಡರು ಕಟ್ಟಿಸಿಕೊಂಡು, ರೊಡೆಲ್‌ನ ತೋಳು ಹಿಡಿದು ನೀರಿಗಿಳಿದಳು. ದೋಣಿಯಲ್ಲಿ ಉಳಿದ ಇಬ್ಬರೂ ಮೇಲೇಳುವ ಗುಳ್ಳೆಗಳನ್ನೇ ನೋಡುತ್ತ ಕುಳಿತರು. ಕೊನೆಗೆ ಒಂದು ಕೈ ಮೇಲೆದ್ದಿತು. ಅದರಲ್ಲಿ ಹಲ್ಲು ಫಳಫಳ ಹೊಳೆಯುತ್ತಿತ್ತು.

"ಬೊಟ್ಟುದ್ದದ ಮೀನು ಕಣೇ, ಅದನ್ನ ಕಾವಲು ಕಾಯ್ತಿತ್ತು! ನನ್ನ ಬೆರಳನ್ನೇ ಕಚ್ತು!" ಎಂದು ಕೂಗಿದಳು ಹೊವಿತಾ.

ಮಧ್ಯಾಹ್ನ ದಡದಲ್ಲಿ ಕೆಂಡದ ಮೀನು, ಬಿಸಿ ಅನ್ನ. ಲಿಗಾಯಾ ತೊಳೆದ ಹಲ್ಲು ಹಾಕಿಕೊಂಡು ಆಗಲೇ ಮಾತಿಗಿಳಿದಿದ್ದಳು. ಹೊವಿತಾ ಮುಳ್ಳು ಬಿಡಿಸಿ ಬಿಡಿಸಿ, ಮೀನಿನ ಮೆತ್ತನೆಯ ತುಂಡುಗಳನ್ನು ಗೆಳತಿಯ ತಟ್ಟೆಗಿಡುತ್ತಿದ್ದಳು.

"ಹಲ್ಲಿದೆ ಕಣೇ ನನಗೆ!"

"ಗೊತ್ತು. ಸುಮ್ನೆ ತಿನ್ನು."