ಆರ್ನಲ್ಡ್ ಕಂಡ ಕೆಂಗೊರಳ

"ಕೊರಳಿಂದ ಅದನ್ನ ತೆಗೀರಿ ಅಂದೆ," ಎನ್ನುತ್ತ ಬೆರಿಲ್ ಚರ್ಚಿನ ಬಾಗಿಲಿಗೆ ಅಡ್ಡ ನಿಂತು, ಮುದುಕ ಸಿರಿಲ್‌ನ ಕೋಟಿನೊಳಗೆ ಕೈಹಾಕಿ ದುರ್ಬೀನನ್ನು ಎಳೆದೇಬಿಟ್ಟಳು. ಪಟ್ಟಿ ಅವನ ಕಿವಿಗೆ ಸಿಕ್ಕಿಕೊಂಡು ಟೋಪಿ ನೆಲಕ್ಕೆ ಬಿತ್ತು.

"ಅಯ್ಯೋ ಕಿವಿ, ಕಿವಿ! ಬಿಡ್ರಮ್ಮಾ. ಅಭ್ಯಾಸಬಲ ಅಷ್ಟೇ. ನಾನೇನು ಒಳಗೆ ಹಕ್ಕಿ ನೋಡ್ತಿದ್ನಾ?"

"ಒಳಗೆ ನೋಡೋಕೆ ಇರೋದು ನನ್ನ ಗಂಡನ ಪೆಟ್ಟಿಗೆ ಒಂದೇ. ಅದು ಬರಿಗಣ್ಣಿಗೇ ಕಾಣತ್ತೆ."

ದುರ್ಬೀನನ್ನು ಪ್ರಾರ್ಥನೆ ಪುಸ್ತಕಗಳ ಮೇಜಿನ ಮೇಲೆ ಕುಕ್ಕಿ ಮುಂದಿನವನತ್ತ ಕೈಚಾಚಿದಳು. ಹಾರ್ಲ್‌ನೆಸ್‌ನ ಹಕ್ಕಿಗಾರರು, ಹಕ್ಕಿ ನೋಡುವುದೇ ಗೀಳಾದವರು, ಒಬ್ಬೊಬ್ಬರಾಗಿ, ಮಿಠಾಯಿ ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ, ಕೋಟಿನ ಗುಂಡಿ ಬಿಚ್ಚಿ ತಮ್ಮ ತಮ್ಮ ದುರ್ಬೀನು ತೆಗೆದಿಟ್ಟರು. ಎಲ್ಲರದೂ ಅದೇ ಕೆಸರುಹಸಿರು ಬಣ್ಣದ ಜಾಕೀಟು. ಸಾವಿನ ಮನೆಗೆ ಬರುವಾಗಲಾದರೂ ಒಂದು ಕರಿ ಬಟ್ಟೆ ಹುಡುಕಿಕೊಳ್ಳುವ ಯೋಗ್ಯತೆ ಇಲ್ಲ ಎಂದು ಬೆರಿಲ್ ಮನಸ್ಸಿನಲ್ಲೇ ಉಗಿದಳು.

ಹೊರಗೆ ಸಮಾಧಿಕಲ್ಲುಗಳ ನಡುವೆ ಇನ್ನೂ ಇಬ್ಬರು ನಿಂತು ಆಕಾಶ ನೋಡುತ್ತಿದ್ದರು. "ಸಾಯೋಕೆ ಈ ವಾರಾನೇ ಬೇಕಿತ್ತಾ ಇವನಿಗೆ? ಅಪರೂಪದ ಹಕ್ಕಿಗಳನ್ನ ಹೊತ್ತು ತರೋ ಮೂಡಣ ಗಾಳಿ ಬೀಸ್ತಿದೆ. ಅಕ್ಟೋಬರ್‌ನಲ್ಲಿ ಇಂಥ ಗಾಳಿ ಮತ್ತೆ ಸಿಗತ್ತಾ?" ಎಂದ ಒಬ್ಬ.

"ಬೇಗ ಮುಗಿದ್ರೆ ಮಧ್ಯಾಹ್ನ ದಂಡೆ ಕಡೆ ಒಂದು ಸುತ್ತು ಹಾಕ್ಬಹುದು ಬಿಡು," ಎಂದ ಇನ್ನೊಬ್ಬ.

ಬೆರಿಲ್‌ಗೆ ಕೇಳಿಸಿತು. ಅವಳಿಗೆ ಕೇಳಿಸಿತೆಂದು ಅವರಿಗೂ ಗೊತ್ತಾಯಿತು. ಇಬ್ಬರೂ ತಲೆತಗ್ಗಿಸಿ ಒಳಗೆ ನುಸುಳಿದರು.

ಕಡೆಗೆ ಬಂದವನು ರೂಪರ್ಟ್. ಹಲ್ಲಿನ ಡಾಕ್ಟರಾಗಿದ್ದು ನಿವೃತ್ತನಾದವನು, ಈಗ ಜೌಗಿನ ರಕ್ಷಿತ ತಾಣಕ್ಕೂ ಹಕ್ಕಿ ನೋಡಲು ಅಡಗಿ ಕೂರುವ ಅಲ್ಲಿನ ಮರೆಗುಡಿಸಲಿಗೂ ತಾನೇ ದೊರೆ ಎಂದುಕೊಂಡವನು. ಯಾವ ಹಕ್ಕಿ ಬಂದಿದೆ, ಯಾವುದು ಬಂದಿಲ್ಲ ಎನ್ನುವುದು ಅವನು ಹೂಂ ಅಂದಮೇಲೆಯೇ ತೀರ್ಮಾನ. ಕರಿ ಕೋಟು ಹಾಕಿದ್ದವನು ಅವನೊಬ್ಬನೇ.

"ನೆನಪಿದೆ ತಾನೆ?" ಎಂದು ಕೇಳಿದಳು ಬೆರಿಲ್. ಕೇಳುವಾಗ ತನ್ನ ದನಿ ಮೆತ್ತಗಾದದ್ದು ಅವಳಿಗೇ ಸಹಿಸಲಾಗಲಿಲ್ಲ.

"ಎಲ್ಲಾ ನನ್ನ ಮೇಲೆ ಬಿಟ್ಬಿಡಿ ಬೆರಿಲ್," ಎಂದು ಅವನು ಅವಳ ಕೈ ತಟ್ಟಿ ಒಳಗೆ ಹೋದ.

ಅವಳು ಕೇಳಿದ್ದು ಒಂದೇ ಒಂದು ವಾಕ್ಯ. ಹೋದ ಭಾನುವಾರ ಮಳೆಯಲ್ಲಿ ನೆನೆದುಕೊಂಡು ಅವನ ಮನೆಗೆ ಹೋಗಿ, ರತ್ನಗಂಬಳಿಯ ಮೇಲೆ ಒದ್ದೆ ಕಾಲಲ್ಲಿ ನಿಂತು ಕೇಳಿದ್ದಳು. 'ಆರ್ನಲ್ಡ್ ಅವತ್ತು ಆ ಹಕ್ಕಿಯನ್ನು ನಿಜಕ್ಕೂ ನೋಡಿದ್ದ' ಎಂದು ಎಲ್ಲರ ಮುಂದೆ ಹೇಳಿಬಿಡಿ, ಸತ್ತವನ ಹೆಸರಿಗೆ ಅಂಟಿದ ಮಸಿ ತೊಳೆದುಹೋಗಲಿ ಎಂದು. ಅವಳು ಜೀವಮಾನದಲ್ಲಿ ಯಾರ ಮುಂದೆಯೂ ಹಾಗೆ ಕೈಯೊಡ್ಡಿರಲಿಲ್ಲ.

*

ಅದು ಇಂಥದೇ ಒಂದು ಅಕ್ಟೋಬರ್, ಗಂಡಹೆಂಡತಿ ಇಬ್ಬರಿಗೂ ಇನ್ನೂ ಕೂದಲು ಕಪ್ಪಗಿದ್ದ ಕಾಲ. ಕಾರನ್ನು ಗುಂಡುಗಲ್ಲಿನ ದಂಡೆಯ ಅಂಚಿಗೆ ನಿಲ್ಲಿಸಿ ಆರ್ನಲ್ಡ್ ಎಂದಿನಂತೆ ಅಲೆಯಲು ಹೋಗಿದ್ದ. ಬೆರಿಲ್ ಎಂದಿನಂತೆ ಕಾರಿನಲ್ಲೇ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಗಟ್ಟಿಮುಟ್ಟಾದ ಗಂಡಸರು ಚಳಿಯಲ್ಲಿ ಮೂಗು ಸುರಿಸಿಕೊಂಡು ಬಾತುಗಳ ಹಿಂದೆ ಬೀಳುವುದು ಯಾವ ಸೀಮೆಯ ಸುಖವೋ ಅವಳಿಗೆ ಎಂದೂ ತಿಳಿದಿರಲಿಲ್ಲ. ಆರ್ನಲ್ಡ್ ಟೈರಿನ ಅಂಗಡಿ ಇಟ್ಟುಕೊಂಡಿದ್ದವನು, ಟೈರಿನ ವಿಷಯದಲ್ಲಿ ಚುರುಕು. ಹಕ್ಕಿಯ ವಿಷಯದಲ್ಲಿ ಅಷ್ಟಕ್ಕಷ್ಟೆ. ಒಮ್ಮೆ ಬೇಲಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಚೀಲವನ್ನು ಬೆಳ್ಳಕ್ಕಿ ಎಂದು ಕೂಗಿ ಇಡೀ ಮರೆಗುಡಿಸಲನ್ನೇ ಎಬ್ಬಿಸಿದ್ದ.

ಫ್ಲಾಸ್ಕಿನಿಂದ ಚಹಾ ಬಗ್ಗಿಸುವಾಗ ಕಾರಿನ ಬಾಗಿಲ ಬುಡದಲ್ಲೇ, ಕಲ್ಲುಗಳ ನಡುವೆ ಬೆಳೆದ ಕಡಲಕೋಸಿನ ಎಲೆಯ ಅಡಿಯಿಂದ, ಒಂದು ಕಂದು ಹಕ್ಕಿ ಕುಪ್ಪಳಿಸಿ ಬಂತು. ಗುಬ್ಬಿಯಷ್ಟೇ ಗಾತ್ರ. ಬಿಳಿ ಹುಬ್ಬು. ತಲೆ ಎತ್ತಿದಾಗ ಗಂಟಲು ಕಂಡಿತು, ಒಲೆಯಿಂದ ಆಗಷ್ಟೇ ತೆಗೆದ ಕೆಂಡದ ಹಾಗೆ. ಬೆರಿಲ್ ಮೆಲ್ಲಗೆ ಗಾಜು ಇಳಿಸಿದಳು.

"ಆರ್ನಲ್ಡ್! ಇಲ್ಲಿ ಬಾರೋ. ಇದ್ಯಾವ ಹಾಳು ಹಕ್ಕಿ ನೋಡು."

ಆರ್ನಲ್ಡ್ ಬಂದ, ನೋಡಿದ, ಕಲ್ಲಿನ ಮೇಲೆ ಮಂಡಿಯೂರಿಬಿಟ್ಟ. ಸೈಬೀರಿಯಾದಿಂದ ದಾರಿ ತಪ್ಪಿ ಬಂದ ಕೆಂಗೊರಳ. ಚಹಾ ಆರಿ ತಣ್ಣಗಾಗುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಅದು ದಂಡೆಯ ಆಚೆಗೆ ಹಾರಿಹೋಯಿತು. ತಾಯಿ ಸತ್ತಾಗ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಸ್ಟೀರಿಂಗಿಗೆ ತಲೆಯೊರಗಿಸಿ ಅತ್ತ. "ಅಳ್ತೀಯಲ್ಲೋ ಕೋತಿ, ಒಂದು ಹಕ್ಕಿಗೆ," ಎಂದು ಬೆರಿಲ್ ಬೈದಳು. ಬೈಯುವಾಗ ಅವಳ ಕಣ್ಣೂ ತುಂಬಿತ್ತು.

ಮರೆಗುಡಿಸಲಿನಲ್ಲಿ ಒಂದು ಕರಿಹಲಗೆ. ಯಾರು ಏನು ಕಂಡರೂ ಅಲ್ಲಿ ಬರೆಯಬೇಕು. ಆರ್ನಲ್ಡ್ ಸೀಮೆಸುಣ್ಣ ಹಿಡಿದು ಕೆಂಗೊರಳ ಎಂದು ಬರೆದ. ಸಂಜೆಯವರೆಗೆ ಎಲ್ಲರೂ ದಂಡೆ ಜಾಲಾಡಿದರು. ಏನೂ ಸಿಗಲಿಲ್ಲ. ರೂಪರ್ಟ್ ಹಲಗೆಯ ಮುಂದೆ ನಿಂತು, "ಈ ಸಲದ್ದು ಯಾವ ಅಂಗಡಿ ಚೀಲ ಆರ್ನಲ್ಡ್?" ಎಂದ. ಜನ ಘೊಳ್ಳೆಂದರು.

"ನಾನೂ ನೋಡಿದೀನಿ. ಮೊದಲು ನೋಡಿದ್ದೇ ನಾನು," ಎಂದಳು ಬೆರಿಲ್.

"ಗಂಡನ ಪರ ನಿಲ್ಲೋ ಹೆಂಡತಿ, ಬಹಳ ಸಂತೋಷ. ಆದ್ರೆ ಗುಬ್ಬಿ ಯಾವ್ದು ಗಿಳಿ ಯಾವ್ದು ಅಂತ ಗೊತ್ತಾ ನಿಮಗೆ?" ಎನ್ನುತ್ತ ರೂಪರ್ಟ್ ತನ್ನ ಒದ್ದೆ ತೋಳಿನಿಂದ ಆ ಸಾಲನ್ನು ಒರೆಸಿಹಾಕಿದ. ಅಂದಿನಿಂದ ಅವನು ಬುರುಡೆ ಆರ್ನಲ್ಡ್. ಆಮೇಲೆ ಯಾರೂ ಅವನನ್ನು ಮಾತಾಡಿಸಲಿಲ್ಲ. ಅವನು ಮಾತ್ರ ಮಾನಗೆಟ್ಟವನ ಹಾಗೆ ಪ್ರತಿ ಅಕ್ಟೋಬರ್ ಅಲ್ಲಿಗೇ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಬೆರಿಲ್‌ಗೆ ಆ ಜನರ ಮೇಲೆ ಎಷ್ಟು ಹೇಸಿಗೆಯೋ, ಗಂಡನ ಈ ದೈನ್ಯದ ಮೇಲೂ ಅಷ್ಟೇ ಹೇಸಿಗೆ.

*

ಪ್ರಾರ್ಥನೆ ಮುಗಿದು ರೂಪರ್ಟ್ ಮಾತಾಡಲು ಎದ್ದಾಗ ಬೆರಿಲ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಪಕ್ಕದಲ್ಲಿದ್ದ ನೆರೆಮನೆಯ ಡೋರೀನ್ ಅವಳ ಕೈ ಹಿಡಿದುಕೊಂಡಳು.

"ನಮ್ಮ ಆರ್ನಲ್ಡ್ ಬಗ್ಗೆ ಹೇಳಬೇಕಾದ್ದು ಒಂದೇ," ಎಂದು ರೂಪರ್ಟ್ ಗಂಟಲು ಸರಿಮಾಡಿಕೊಂಡ. "ಹಾರ್ಲ್‌ನೆಸ್‌ಗೆ ಬಂದ ಹಕ್ಕಿಗಳನ್ನೆಲ್ಲ ಅವನು ನೋಡಿದ." ಸ್ವಲ್ಪ ತಡೆದು, ಹಲ್ಲು ತೋರಿಸಿದ. "ಬಾರದ ಹಕ್ಕಿಗಳನ್ನೂ ನೋಡಿದ."

ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಸಾಲುಸಾಲೇ ನಕ್ಕಿತು.

ಡೋರೀನ್ ಹಿಡಿದಿದ್ದ ಬೆರಿಲ್‌ಳ ಕೈ ಮುಷ್ಟಿಯಾಯಿತು. "ಸುಮ್ನಿರು ಕಣೆ, ದೇವರ ಮನೆ ಇದು," ಎಂದು ಡೋರೀನ್ ಪಿಸುಗುಟ್ಟಿದಳು.

"ಸುಮ್ನೇ ಇದೀನಿ," ಎಂದಳು ಬೆರಿಲ್. ಅವಳ ಮುಖ ಸುಣ್ಣದ ಹಾಗಾಗಿತ್ತು.

ಚರ್ಚಿನ ಹಿಂದಿನ ಗುಡ್ಡದ ಮೇಲೆ ಗುಂಡಿ ತೋಡಿದ್ದರು. ಅಲ್ಲಿಂದ ಜೌಗು, ಅದರಾಚೆ ಸಮುದ್ರದೊಳಕ್ಕೆ ಚಾಚಿಕೊಂಡ ಕಲ್ಲಿನ ದಂಡೆ, ಅದರ ತುತ್ತತುದಿಯಲ್ಲಿ ಯುದ್ಧಕಾಲದ ಮುರುಕು ಕಾವಲುಗೂಡು, ಎಲ್ಲವೂ ಕಾಣುತ್ತಿದ್ದವು. ಪೆಟ್ಟಿಗೆಯನ್ನು ಹಲಗೆಗಳ ಮೇಲೆ ಇಳಿಸಿದರು. ಪಾದ್ರಿ ಫಿಲಿಪ್ಪಾ ಗಾಳಿಗೆ ಹಾರುತ್ತಿದ್ದ ಪುಟ ಹಿಡಿಯಲು ಒದ್ದಾಡುತ್ತಿದ್ದಳು.

"ರೂಪರ್ಟ್," ಎಂದಳು ಬೆರಿಲ್, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಇವತ್ತು ಹೇಳೋದು ಬೇಡ ಅಂತಿದ್ದೆ. ಬೆಳಿಗ್ಗೆ ನಿದ್ದೆ ಬರಲಿಲ್ಲ. ಆರ್ನಲ್ಡ್ ಓಡಾಡ್ತಿದ್ದ ಜಾಗ ನೋಡೋಣ ಅಂತ ದಂಡೆ ತುದಿಗೆ, ಕಾವಲುಗೂಡಿನ ಹತ್ತಿರ ಹೋಗಿದ್ದೆ. ಅಲ್ಲೊಂದು ಕಂದು ಹಕ್ಕಿ ಇತ್ತು. ಬಿಳಿ ಹುಬ್ಬು, ಕೆಂಪು ಗಂಟಲು. ಪಾಪ, ಎಡಗಾಲು ಕುಂಟ್ತಿತ್ತು. ನನಗೇನು ಗೊತ್ತಾಗತ್ತೆ, ಗುಬ್ಬಿನೋ ಗಿಳಿನೋ."

ಡೋರೀನ್‌ಗೆ ಕೆಮ್ಮು ಹತ್ತಿತು. ನಿಲ್ಲಿಸಲು ಕರವಸ್ತ್ರವನ್ನೇ ಬಾಯಿಗೆ ತುರುಕಿಕೊಂಡಳು.

ಹಕ್ಕಿಗಾರರ ನಡುವೆ ಗಾಳಿಯೇ ಬದಲಾಯಿತು. ಒಬ್ಬನಿಗೆ ಕಾರಿನ ದೀಪ ಆರಿಸಿಲ್ಲವೆಂದು ನೆನಪಾಯಿತು. ಇನ್ನೊಬ್ಬನಿಗೆ ಮಾತ್ರೆ ನುಂಗುವ ಹೊತ್ತಾಯಿತು. ಮಿಕ್ಕವರು ನೆಪ ಹುಡುಕುವ ಗೋಜಿಗೂ ಹೋಗದೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಹಾಕುತ್ತ ಗೇಟಿನ ಹತ್ತಿರ ಬಂದೊಡನೆ ಕಾಲಿಗೆ ಬುದ್ಧಿ ಹೇಳಿದರು. ಕಡೆಯಲ್ಲಿ ರೂಪರ್ಟ್ ಬೆರಿಲ್‌ಳ ಭುಜದ ಮೇಲೆ ಕೈಯಿಟ್ಟ.

"ಆರ್ನಲ್ಡ್ ಇದ್ದಿದ್ರೆ 'ಹೋಗಿ, ನೋಡ್ಕೊಂಡು ಬನ್ನಿ' ಅಂತಲೇ ಅಂತಿದ್ದ, ಅಲ್ವಾ?"

"ಖಂಡಿತ ಅಂತಿದ್ದ," ಎಂದಳು ಬೆರಿಲ್.

ಚರ್ಚಿನ ಮೇಜಿನ ಮೇಲಿದ್ದ ದುರ್ಬೀನುಗಳ ರಾಶಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿಯಾಯಿತು. ಉಳಿದದ್ದು ಸಿರಿಲ್‌ನದೊಂದೇ. ಅವನ ಮಂಡಿಗಳು ಕಲ್ಲಿನ ದಂಡೆ ತುಳಿಯಲು ಲಾಯಕ್ಕಿರಲಿಲ್ಲ. ಪಾದ್ರಿ ಮಣ್ಣಿಗೆ ಮಣ್ಣು ಎನ್ನುತ್ತಿರುವಾಗಲೂ ಅವನ ಕಣ್ಣು ಸಮುದ್ರದ ಕಡೆಗೇ.

"ಅಲ್ಲಿ ಹೋಗ್ತಿದಾರೆ ನೋಡಿ," ಎಂದು ಹಲುಬಿದ. ದೂರದ ಕಲ್ಲುಗಳ ಮೇಲೆ ಗಂಡಸರ ಸಾಲೊಂದು ಹೆಜ್ಜೆಹೆಜ್ಜೆಗೂ ಹೂತುಕೊಳ್ಳುತ್ತ, ದೂರದರ್ಶಕಗಳ ಮುಕ್ಕಾಲಿಗಳನ್ನು ಹೆಗಲ ಮೇಲೆ ಹೊತ್ತು ಸಾಗುತ್ತಿತ್ತು. "ನನ್ನ ಹಣೆಬರಹ. ಆ ಹಕ್ಕಿ ಇವತ್ತೇ ಬರಬೇಕಿತ್ತಾ?"

"ನೀವು ಆರ್ನಲ್ಡ್‌ನ ಮಣ್ಣು ಮಾಡೋಕೆ ಬಂದದ್ದು ಸಿರಿಲ್."

"ಅದು ಸರಿ, ಅದು ಸರಿ. ಒಳ್ಳೇ ಮನುಷ್ಯ. ಎಷ್ಟು ಸದ್ದಿಲ್ಲದ ಸಾವು ನೋಡಿ! ಅವತ್ತು ಮಧ್ಯಾಹ್ನವೆಲ್ಲ ನಾವು ಮರೆಗುಡಿಸಲಲ್ಲಿ ಅದೇ ಬೆಂಚಲ್ಲೇ ಇದ್ವಿ. ತೂಕಡಿಸ್ತಿದಾನೆ ಅಂದ್ಕೊಂಡ್ವಿ. ಆಗ ಬಾತುಗಳ ದೊಡ್ಡ ಹಿಂಡು ಬೇರೆ ಇಳಿದಿತ್ತಾ, ರೂಪರ್ಟ್ ಅವನ ಮೊಣಕೈ ಸರಿಸಿ ತನ್ನ ಮುಕ್ಕಾಲಿ ಇಟ್ಕೊಂಡ. ಕತ್ತಲಾಗಿ ಬೀಗ ಹಾಕೋವಾಗಲೇ ಗೊತ್ತಾಗಿದ್ದು. ಮಾತಾಡಿಸಿದ್ರೆ ತಾನೆ ಗೊತ್ತಾಗೋದು?"

ಬೆರಿಲ್ ಕೈಯಲ್ಲಿದ್ದ ಮಣ್ಣು ಕೈಯಲ್ಲೇ ಉಳಿಯಿತು. ಸಂಜೆ ಬೀಗ ಹಾಕಲು ಹೋದವರು ಅವನನ್ನು ಕಂಡರು ಎಂದಷ್ಟೇ ಅವಳಿಗೆ ಹೇಳಿದ್ದರು. ಅಲ್ಲಿಯವರೆಗೆ ಅವಳ ಲೆಕ್ಕಾಚಾರ ಇಷ್ಟೇ ಇತ್ತು: ಅವರು ಬರಿಗೈಯಲ್ಲಿ, ಕಾಲು ಸೋತು ವಾಪಸು ಬರಲಿ, ಒಂದು ಲೋಟ ಚಹಾ ಕೊಟ್ಟು, ಸುಳ್ಳು ಹೇಳಿದೆ ಕ್ಷಮಿಸಿ ಎಂದು ಮುಗಿಸಿಬಿಡೋಣ ಎಂದು. ಹೆಣದ ಮೊಣಕೈ ಸರಿಸಿ ಬಾತು ನೋಡಿದ ಜನ! ಅವಳು ಮಣ್ಣು ಹಾಕಿ, ಅಂಗೈ ಕೊಡವಿಕೊಂಡು, ಹಿಂದಿರುಗಿ ನೋಡದೆ ಊರ ಸಭಾಭವನದ ಕಡೆ ನಡೆದಳು.

*

ಮೊಟ್ಟೆಯ ಸ್ಯಾಂಡ್‌ವಿಚ್‌ಗಳ ಅಂಚು ಒಣಗಿ ಸುರುಟಿಕೊಳ್ಳುವ ಹೊತ್ತಿಗೆ ಅವರು ಬಂದರು. ಷೂಗಳಲ್ಲಿ ಕೆಸರು, ಮುಖಗಳಲ್ಲಿ ಮದುವೆ ಮನೆಯ ಕಳೆ.

"ಸಿಕ್ತು ಬೆರಿಲ್!" ಎಂದ ರೂಪರ್ಟ್.

ಬೆರಿಲ್‌ಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. "ಏನು ಸಿಕ್ತು?"

"ಕೆಂಗೊರಳ! ಕಾವಲುಗೂಡಿನ ಬುಡದಲ್ಲೇ. ಮೊದಲು ಕಂಡದ್ದು ನನಗೆ. ಒಂದು ಕ್ಷಣ, ಅಷ್ಟೇ, ಆದ್ರೆ ಏನು ನೋಟ ಅಂತೀರಿ!"

ಸಿರಿಲ್ ಕುರ್ಚಿಯಲ್ಲೇ ನರಳಿದ. ಡೋರೀನ್ ಚಹಾದ ಜಗ್ಗನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಎಲ್ಲರೂ ನೋಡಿದ್ರಾ?" ಎಂದು ಬೆರಿಲ್ ಕೇಳಿದಳು.

"ನಾನು ಬೆನ್ನು ಕಂಡೆ," ಎಂದ ಒಬ್ಬ. "ಗಂಟಲು ಚೆನ್ನಾಗೇ ಕಾಣ್ತು," ಎಂದ ಇನ್ನೊಬ್ಬ, ಬೆನ್ನಷ್ಟೇ ಕಂಡವನಿಗಿಂತ ತಾನು ಮೇಲೆಂಬಂತೆ. ಮಿಕ್ಕವರೆಲ್ಲ ತಲೆಯಾಡಿಸಿದರು. ಕಾಣಲಿಲ್ಲ ಎನ್ನುವ ಗಂಡಸು ಆ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ.

"ಕಾಲು ಹೇಗಿತ್ತು ಪಾಪ?"

"ಎಡಗಾಲು ತಾನೆ? ಕುಂಟ್ತಿತ್ತು, ಕುಂಟ್ತಿತ್ತು. ನೀವು ಹೇಳಿದ್ದು ಅಕ್ಷರಶಃ ನಿಜ," ಎಂದ ರೂಪರ್ಟ್ ಉದಾರವಾಗಿ. "ಬರೋ ದಾರೀಲಿ ಮರೆಗುಡಿಸಲಿನ ಹಲಗೆ ಮೇಲೆ ನಾನೇ ಬರೆದು ಬಂದೆ. ಫೋನ್‌ನಲ್ಲೂ ಎಲ್ಲಾ ಕಡೆ ಸುದ್ದಿ ಕಳಿಸಾಯ್ತು, ಸೀದಾ ಇಲ್ಲಿಗೇ ಬನ್ನಿ ಅಂದಿದೀನಿ. ನಾರಿಚ್‌ನಿಂದ ಆಗಲೇ ಹೊರಟಿದಾರಂತೆ, ಲಂಡನ್‌ನಿಂದಲೂ ಬರ್ತಾರೆ."

ಬೆರಿಲ್ ಒಂದು ತಟ್ಟೆಯಲ್ಲಿ ಸ್ಯಾಂಡ್‌ವಿಚ್ ಇಟ್ಟು ಅವನ ಮುಂದೆ ಹಿಡಿದಳು. ಅವನು ತೆಗೆದುಕೊಂಡು ಕಚ್ಚಿದ.

"ಹೇಗಿದೆ? ನಾನೇ ಮಾಡಿದ್ದು. ಬೆಳಿಗ್ಗೆ ಕತ್ತಲು ಹರಿಯೋ ಮುಂಚೆ ಡೋರೀನ್ ಮನೆ ಅಡುಗೆಕೋಣೆಗೆ ಹೊಕ್ಕವಳು, ಚರ್ಚಿನ ಗಂಟೆ ಹೊಡೆಯೋವರೆಗೂ ಮೊಟ್ಟೆ ಸುಲೀತಾನೇ ಇದ್ದೆ. ಹೊರಗೆ ಕಾಲೇ ಇಟ್ಟಿಲ್ಲ. ಅಲ್ವೇನೆ ಡೋರೀನ್?"

"ಚಪ್ಪಲಿ ಕೂಡ ಹಾಕಿರಲಿಲ್ಲ," ಎಂದಳು ಡೋರೀನ್.

ಅಗಿಯುವ ಸದ್ದು ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೇರೆಲ್ಲೂ ನೋಡಲಾಗದೆ ಎಲ್ಲರೂ ಕಿಟಕಿಯ ಕಡೆ ತಿರುಗಿದರು, ಅಲ್ಲಿ ಅಪರೂಪದ್ದೇನೋ ಬಂದು ಕೂತಿದೆ ಎಂಬಂತೆ. ಹೊರಗೆ ಅಂಗಳಕ್ಕೆ ಅಪರಿಚಿತ ಕಾರೊಂದು ಜಲ್ಲಿ ಎರಚುತ್ತ ನುಗ್ಗಿತು. ಅದರ ಹಿಂದೆ ಇನ್ನೊಂದು. ಬಾಗಿಲುಗಳು ತೆರೆದು, ಕೆಸರುಹಸಿರು ಜಾಕೀಟಿನವರು ಮುಕ್ಕಾಲಿಗಳನ್ನು ಹೆಗಲಿಗೇರಿಸಿಕೊಂಡು ಸಭಾಭವನದ ಕಡೆಗೇ ಓಡಿಬಂದರು.

ಕದ ತಟ್ಟಿದರು. ಮತ್ತೆ ತಟ್ಟಿದರು.

"ಹೋಗಿ ರೂಪರ್ಟ್," ಎಂದಳು ಬೆರಿಲ್. "ನಿಮ್ಮನ್ನೇ ಕೇಳ್ಕೊಂಡು ಬಂದಿರೋದು."

ರೂಪರ್ಟ್ ಕದಲಲಿಲ್ಲ. ಅರ್ಧ ಕಚ್ಚಿದ ಸ್ಯಾಂಡ್‌ವಿಚ್ ಒಂದು ಕೈಯಲ್ಲಿತ್ತು. ಕರಿ ಕೋಟಿನ ತೋಳಿಗೆ ಹಲಗೆಯ ಸೀಮೆಸುಣ್ಣ ಬೆಳ್ಳಗೆ ಮೆತ್ತಿತ್ತು. ಇನ್ನೊಂದು ಕೈಯಿಂದ ಅವನು ಅದನ್ನು ಒರೆಸತೊಡಗಿದ. ಒರೆಸಿದಷ್ಟೂ ಅದು ಹರಡುತ್ತಲೇ ಹೋಯಿತು.