ಗೋಡೆಯಿಂದ ಮೂರು ಅಡಿ

ದೊಡ್ಡಪ್ಪನ ಕಿವಿ ಒಂದೇ ದಿನದಲ್ಲಿ ಹೋದದ್ದಲ್ಲ. ಮೊದಲು ಗಡಿಯಾರದ ಟಿಕ್ ಟಿಕ್ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ದೊಡ್ಡಮ್ಮನ ಧ್ವನಿ. "ನನ್ನದು ತಾನಾಗಿ ಹೋಗಿದ್ದಲ್ಲ, ಅವರೇ ಕಳಿಸಿಕೊಟ್ಟಿದ್ದು" ಎನ್ನುತ್ತಾರೆ ದೊಡ್ಡಮ್ಮ. ಈಗ ದೊಡ್ಡಪ್ಪನಿಗೆ ಏನಾದರೂ ತಿಳಿಸಬೇಕಾದರೆ ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಬೇಕು, ಇಲ್ಲವೇ ಚೀಟಿಯಲ್ಲಿ ಬರೆದು ತೋರಿಸಬೇಕು.

ನಲವತ್ತು ವರ್ಷ ಗಿಟಾರ್ ಮಾಡಿದವರು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಂದು ಗಳಿಗೆ ಕಿವಿಗೊಟ್ಟು, ಇದು ಹಾಡುತ್ತೆ, ಇದು ಬಾಗಿಲಿಗೆ ಲಾಯಕ್ಕು ಎಂದು ಬೇರೆ ಬೇರೆ ಇಡುತ್ತಿದ್ದವರು. ಈ ಸಲ ಮಾಡಿದ್ದು ಯಾರ ಆರ್ಡರೂ ಅಲ್ಲ. ಮೂವತ್ತು ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿದ್ದ ಹಲಗೆಯನ್ನು ಇಳಿಸಿ, ತಮಗಾಗಿಯೇ ಮಾಡಿಕೊಂಡದ್ದು. ಕೊನೆಯದು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅದು ಮುಗಿದ ದಿನ ಉಳಿಗಳಿಗೆಲ್ಲ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ನಾನು ನೋಡಿದ್ದೆ.

"ಹೇಗಿದೆ ಹೇಳೇ ಪುಟ್ಟಿ" ಎಂದರು. ನನಗೀಗ ಇಪ್ಪತ್ತೇಳು, ಹಗಲು ಗ್ರಂಥಾಲಯದಲ್ಲಿ ಕೆಲಸ, ಸಂಜೆ ಗಿಟಾರ್. ಅವರಿಗೆ ನಾನಿನ್ನೂ ಪುಟ್ಟಿಯೇ. ಅವರ ಕಾರ್ಖಾನೆಯಲ್ಲೇ ಕೂತು ಅರ್ಧ ಗಂಟೆ ನುಡಿಸಿದೆ. ತುಂಬಾ ಚೆನ್ನಾಗಿದೆ ಎಂದು ಚೀಟಿಯಲ್ಲಿ ಬರೆದೆ.

ಅವರು ನಕ್ಕರು. "ನೀನು ಹಾಗೇ ಅಂತೀಯ ಅಂತ ನನಗೆ ಗೊತ್ತಿಲ್ವಾ? ನಿನ್ನ ಕಿವಿಗೆ ನೆಂಟಸ್ತಿಕೆ ಇದೆ. ಯಂತ್ರಕ್ಕೆ ಅದಿಲ್ಲ. ರೆಕಾರ್ಡ್ ಮಾಡ್ಕೊಂಡು ಹೋಗು. ಮನೇಲಿ ಕೂತು, ಯಾರೋ ಕಂಡವರ ಮಗು ಅಂದ್ಕೊಂಡು ಕೇಳು. ದೋಷ ಇದ್ರೆ ಮುಚ್ಚಿಡಬೇಡ."

ಅವರ ಮಾತು ನನಗೆ ಸರಿ ಎನಿಸಿತು, ಅಲ್ಲೇ ಇನ್ನೊಮ್ಮೆ ನುಡಿಸಿ ರೆಕಾರ್ಡ್ ಮಾಡಿಕೊಂಡೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ. ಮರದ ಎದುರಿಗೇ ಕೂತು ಕೇಳಿದ್ದನ್ನು ಬಿಟ್ಟು, ಮನೆಯ ಸ್ಪೀಕರ್ ಹೇಳಿದ್ದನ್ನು ನಂಬಿದೆ.

ನನ್ನ ಕೋಣೆ ಉದ್ದಕ್ಕೆ ಹನ್ನೆರಡು ಅಡಿ, ಅಗಲಕ್ಕೆ ಒಂಬತ್ತು. ಒಂದು ತುದಿಯ ಮೂಲೆಯಲ್ಲಿ ಮೇಜು, ಅದರ ಮೇಲೆ ಹಾಲ್‌ನಿಂದ ನಿವೃತ್ತಿಯಾದ ಎರಡು ಹಳೆ ಸ್ಪೀಕರ್. ಇನ್ನೊಂದು ತುದಿಯಲ್ಲಿ ಗೋಡೆಗೆ ಒರಗಿಸಿದ ಕುರ್ಚಿ. ರೆಕಾರ್ಡಿಂಗ್ ಹಾಕಿ, ಕಣ್ಣು ಮುಚ್ಚಿ ಕೂತೆ. ಎಲ್ಲ ಸ್ವರಗಳೂ ಸಭ್ಯವಾಗಿ ಬಂದು ಹೋಗುತ್ತಿದ್ದವು. ದಪ್ಪ ತಂತಿಯನ್ನು ಎರಡನೇ ಫ್ರೆಟ್ಟಿನಲ್ಲಿ, ಕತ್ತಿನ ಎರಡನೇ ಲೋಹದ ಪಟ್ಟಿಯ ಬಳಿ, ಒತ್ತಿದಾಗಿನ ಸ್ವರ ಮಾತ್ರ, ಬಂದಾಗಲೆಲ್ಲ, ಬಾವಿಯೊಳಗೆ ಕೊಡ ಬಿದ್ದ ಹಾಗೆ ಗುಡುಗುತ್ತಿತ್ತು. ಇಂಥ ಸ್ವರವನ್ನು ದೊಡ್ಡಪ್ಪ ಗೂಳಿ ಎಂದು ಕರೆಯುತ್ತಿದ್ದರು. ಮಂದೆಯನ್ನೆಲ್ಲ ತಳ್ಳಿ ಒಂದೇ ಒಂದು ಮುಂದೆ ನುಗ್ಗುತ್ತದಲ್ಲ, ಅದು. ಹೆಡ್‌ಫೋನ್ ಹಾಕಿ ಕೇಳಿದರೆ ಗೂಳಿ ಇರಲಿಲ್ಲ. ಆದರೆ ನನ್ನ ಹೆಡ್‌ಫೋನ್ ಮೊದಲೇ ದಪ್ಪ ಸ್ವರಗಳನ್ನು ನುಂಗುವಂಥದ್ದು, ಅದರ ಸಾಕ್ಷಿಯನ್ನು ನಾನು ಒಪ್ಪಲಿಲ್ಲ.

ಗುರುವಾರ ಹೋಗಿ ಚೀಟಿ ಬರೆದು ಕೊಟ್ಟೆ. ಗೂಳಿ ಇದೆ, ದಪ್ಪ ತಂತಿ, ಎರಡನೇ ಫ್ರೆಟ್.

ದೊಡ್ಡಪ್ಪ ಚೀಟಿಯನ್ನು ಎರಡು ಸಲ ಓದಿದರು. ಗಿಟಾರ್ ಮಗುಚಿ ಅದರ ಬೆನ್ನಿನ ಮೇಲೆ ಹೆಬ್ಬೆರಳು ಎಳೆದರು. "ಒಳಗಿನ ಪಟ್ಟಿ ದಪ್ಪ ಆಗಿರಬೇಕು. ಭಾನುವಾರ ಬೆನ್ನು ಬಿಚ್ತೀನಿ" ಎಂದರು. ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಬೆನ್ನು ಬಿಚ್ಚುವುದೆಂದರೆ ಅಂಟನ್ನು ಬಿಸಿ ಮಾಡಿ, ಸಂದಿನಲ್ಲಿ ತೆಳು ಚಾಕು ಹಾಯಿಸಿ, ಒಳಗಿನ ಮರದ ಪಟ್ಟಿಗಳನ್ನು ಕೂದಲೆಳೆಯಷ್ಟು ಹೆರೆದು, ತಟ್ಟಿ, ಕೇಳಿ, ಮತ್ತೆ ಹೆರೆಯುವುದು. ಕೆತ್ತಿದ ಮರ ಮತ್ತೆ ಬೆಳೆಯಲ್ಲ ಎಂದು ನನಗೆ ಹೇಳಿಕೊಟ್ಟವರೂ ಅವರೇ. ಈಗ ತಟ್ಟಿದರೆ ಅವರಿಗೆ ಕೇಳುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಯಾರು ಹೇಳಬೇಕು?

ಭಾನುವಾರಕ್ಕೆ ಮೊದಲು ನನಗೆ ಸುಳ್ಳು ಹೇಳದ ಒಂದು ಜೊತೆ ಸ್ಪೀಕರ್ ಬೇಕಿತ್ತು. ಸ್ಟುಡಿಯೋಗಳಲ್ಲಿ ಇಡುವಂಥದ್ದು, ಮಾನಿಟರ್ ಎನ್ನುತ್ತಾರಲ್ಲ, ಅವು. ಶನಿವಾರ ಬೆಳಿಗ್ಗೆ ಅಂಗಡಿಗೆ ಹೋದೆ.

ಅಂಗಡಿಯವರು ತೆಳ್ಳಗಿನ ಮನುಷ್ಯ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಅಳತೆಯ ಟೇಪ್. ನಾನು ಬಾಯಿ ತೆರೆಯುವ ಮುಂಚೆಯೇ ಕೇಳಿದರು, "ನಿಮ್ಮ ಕೋಣೆ ಎಷ್ಟುದ್ದ?"

"ನಾನು ಸ್ಪೀಕರ್ ನೋಡೋಕೆ ಬಂದಿದ್ದು. ಕಾರ್ಪೆಟ್ ಅಲ್ಲ."

"ಸರಿ ಬಿಡಿ" ಎಂದು ನಕ್ಕು, ಒಳಗಿನ ಕೋಣೆಗೆ ಕರೆದೊಯ್ದರು. ಗೋಡೆಗಳಿಗೆಲ್ಲ ದಪ್ಪ ಮೆತ್ತೆ. ಬಾಗಿಲು ಹಾಕಿದೊಡನೆ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿತು. ಅಲ್ಲೇ ಇದ್ದುಬಿಡೋಣ ಎನಿಸಿತು.

ಮೂರು ಜೊತೆ ತೋರಿಸಿದರು. ಮೊದಲನೆಯದು ದೊಡ್ಡದು. ನನ್ನ ರೆಕಾರ್ಡಿಂಗ್ ಅದರಲ್ಲಿ ತುಪ್ಪ ಹಚ್ಚಿದ ಹಾಗೆ ಬಂತು. ಎರಡನೇ ಫ್ರೆಟ್ಟಿನಲ್ಲಿ ಗೂಳಿಯೂ ಬಂತು, ಜೊತೆಗೆ ಅದರ ಅಕ್ಕಪಕ್ಕದ ಸ್ವರಗಳೂ ಗೂಳಿಗಳಾಗಿದ್ದವು.

"ಇದು ಹೊಗಳುಭಟ್ಟ" ಎಂದರು ಅವರು. "ಏನು ಕೊಟ್ರೂ ಎರಡರಷ್ಟು ಮಾಡಿ ಹೇಳುತ್ತೆ. ಪಾರ್ಟಿಗೆ ಸರಿ."

ಎರಡನೆಯದು ಅಂಗೈ ಅಗಲದ್ದು. ಅದರಲ್ಲಿ ದಪ್ಪ ತಂತಿಯೇ ಇರಲಿಲ್ಲ.

"ಇದಕ್ಕೆ ಸಂಕೋಚ. ಅರ್ಧ ಮಾತು ಬಾಯಲ್ಲೇ ನುಂಗುತ್ತೆ."

ಮೂರನೆಯದು ಒಂದು ಬೂದು ಪೆಟ್ಟಿಗೆ. ನೋಡಲು ಏನೂ ಇಲ್ಲ. "ಇದಕ್ಕೆ ದಾಕ್ಷಿಣ್ಯ ಇಲ್ಲ ನೋಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಎಷ್ಟೋ ಜನ ಇದನ್ನ ವಾಪಸ್ ತಂದು ಕೊಟ್ಟಿದ್ದಾರೆ."

ಅದರಲ್ಲಿ ಮೊದಲು ಕೇಳಿದ್ದು ಗಿಟಾರ್ ಅಲ್ಲ. ನನ್ನ ಉಗುರು ತಂತಿಯನ್ನು ಮುಟ್ಟುವ ಸಣ್ಣ ಕೆರೆತ. ಆಮೇಲೆ ನನ್ನ ಮೂಗಿನ ಉಸಿರು. ಕಾಲು ಸರಿಸಿದಾಗ ಅಡಿಗೆ ಸಿಕ್ಕ ಹೆರೆದ ಮರದ ಸುರುಳಿ ಮುರಿದದ್ದು. ಎರಡು ಸ್ವರಗಳ ನಡುವೆ ಒಂದು ಮೌನವಿತ್ತು. ಬರೀ ಮೌನವಲ್ಲ, ದೊಡ್ಡಪ್ಪನ ಕಾರ್ಖಾನೆಯ ಮೌನ. ಎತ್ತರದ ಛಾವಣಿ, ತೂಗುಹಾಕಿದ ಹಲಗೆಗಳು, ಎದುರಿಗೆ ಏನೂ ಕೇಳಿಸದೆ ನನ್ನ ಬೆರಳುಗಳನ್ನೇ ನೋಡುತ್ತಾ ಕೂತ ಒಬ್ಬ ಮನುಷ್ಯ. ಎರಡು ಪೆಟ್ಟಿಗೆಗಳ ನಡುವಿನ ಗಾಳಿಯಲ್ಲಿ ಅದೆಲ್ಲ ಇತ್ತು, ಕೈ ಚಾಚಿದರೆ ಸಿಗುವ ಹಾಗೆ. ಎರಡನೇ ಫ್ರೆಟ್ಟಿನ ಸ್ವರ ಬಂತು, ಉಳಿದ ಸ್ವರಗಳ ಜೊತೆ ತಾನೂ ಒಂದಾಗಿ ನಿಂತು, ಹೋಯಿತು. ಗೂಳಿ ಇಲ್ಲ.

"ಇದೇ ಇರಲಿ" ಎಂದೆ.

"ಅಂಗಡೀಲಿ ಆರಿಸಿದ್ದು ಅರ್ಧ. ಮನೇಲಿ ಇನ್ನರ್ಧ" ಎಂದು ಅವರು ಟೇಪನ್ನೂ ನನ್ನ ಚೀಲಕ್ಕೆ ಹಾಕಿದರು. "ಇದೂ ಇರಲಿ. ಆಮೇಲೆ ತಂದುಕೊಡಿ."

ಭಾನುವಾರ ಬೆಳಿಗ್ಗೆ ಹಳೆ ಸ್ಪೀಕರ್ ಇಳಿಸಿ, ಅದೇ ಮೂಲೆಯ ಮೇಜಿನ ಮೇಲೆ ಹೊಸದನ್ನು ಇಟ್ಟೆ. ಗೋಡೆಗೆ ಒರಗಿದ ಕುರ್ಚಿಯಲ್ಲಿ ಕೂತೆ. ರೆಕಾರ್ಡಿಂಗ್ ಶುರುವಾಯಿತು. ಎರಡನೇ ಫ್ರೆಟ್ ಬಂತು.

ಗೂಳಿ ಅಲ್ಲೇ ಇತ್ತು. ಮೊದಲಿಗಿಂತ ಸ್ಪಷ್ಟವಾಗಿ, ಕೊಂಬು ಸಮೇತ.

ಹಾಗಾದರೆ ಅಂಗಡಿಯ ಮೆತ್ತೆಗಳೇ ದೋಷವನ್ನು ಮುಚ್ಚಿಟ್ಟಿದ್ದವು, ಗಿಟಾರ್ ತಪ್ಪಿತಸ್ಥ ಎಂದುಕೊಂಡೆ. ಗಂಟೆ ಹತ್ತೂವರೆ. ಊಟವಾದ ಮೇಲೆ ಬಿಚ್ಚುತ್ತೇನೆ ಎಂದಿದ್ದರು ದೊಡ್ಡಪ್ಪ. ಅಂಗಡಿಯವರಿಗೆ ಫೋನ್ ಮಾಡಿ, ಎರಡನೇ ಫ್ರೆಟ್ಟಿನ ಸ್ವರ ಅಲ್ಲಿ ಸುಮ್ಮನಿತ್ತು, ಇಲ್ಲಿ ಗುಡುಗುತ್ತಿದೆ, ನಿಮ್ಮ ಸ್ಪೀಕರ್ ಒಂದೊಂದು ಕಡೆ ಒಂದೊಂದು ಮಾತಾಡುತ್ತದೆ ಎಂದು ರೇಗಿದೆ.

"ಕೋಣೆ ಎಷ್ಟುದ್ದ?" ಎಂದರು.

"ಹನ್ನೆರಡು ಅಡಿ."

"ನೀವೆಲ್ಲಿ ಕೂತಿದ್ದೀರಿ?"

"ಗೋಡೆಗೆ ಒರಗಿ."

"ಹೂಂ. ಗಿಟಾರ್ ರೆಕಾರ್ಡಿಂಗ್ ತೆಗೆದುಬಿಡಿ. ಕಂಪ್ಯೂಟರಿಂದ ಅದೇ ಶ್ರುತಿಯ ಬರೀ ಸ್ವರ ಬಿಡಿ, ನಿಲ್ಲಿಸದೆ. ಎದ್ದು ಗೋಡೆಯಿಂದ ಸ್ಪೀಕರ್ ಕಡೆಗೆ ನಿಧಾನಕ್ಕೆ ನಡೀರಿ. ಆಮೇಲೆ ನಂಗೆ ಫೋನ್ ಮಾಡಿ. ಬೇಡ, ಮಾಡೋ ಅಗತ್ಯ ಇರಲ್ಲ."

ಹಾಗೇ ಮಾಡಿದೆ. ಮರವಿಲ್ಲ, ತಂತಿಯಿಲ್ಲ, ಬೆರಳಿಲ್ಲ. ಒಂದೇ ಸಮನೆ ಗುಂಯ್ ಎನ್ನುವ ನಾದ. ಗೋಡೆಯ ಹತ್ತಿರ ಅದು ಎದೆಗೂಡಿನೊಳಗೆ ಗುದ್ದುತ್ತಿತ್ತು. ಗಿಟಾರೇ ಇಲ್ಲದೆ ಗೂಳಿ! ಒಂದು ಹೆಜ್ಜೆ ಇಟ್ಟೆ. ಕಡಿಮೆಯಾಯಿತು. ಎರಡನೇ ಹೆಜ್ಜೆಯ ಅರ್ಧದಲ್ಲಿ ನಾದ ಇಲ್ಲವಾಯಿತು.

ನಿಂತೆ. ಕರೆಂಟ್ ಹೋಯಿತೇನೋ ಎಂದು ಸ್ಪೀಕರ್ ನೋಡಿದೆ. ಅದರ ಕಪ್ಪು ಪೊರೆ ನಡುಗುತ್ತಲೇ ಇತ್ತು. ಮೇಜಿನ ಮೇಲಿನ ನೀರಿನ ಲೋಟದಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ನನ್ನ ಸುತ್ತ ಮಾತ್ರ ಏನೂ ಇಲ್ಲ. ತಲೆಯನ್ನು ಒಂದು ಗೇಣು ಹಿಂದಕ್ಕೆ ತಂದರೆ ನಾದ ಬಂತು. ಮುಂದಕ್ಕೆ ತಂದರೆ ಮತ್ತೆ ಬಂತು. ನಡುವೆ, ಕೋಣೆಯ ಅಗಲಕ್ಕೂ, ತೆರೆ ಇಳಿಬಿಟ್ಟ ಹಾಗೆ ಮೌನ ನಿಂತಿತ್ತು. ಟೇಪ್ ಹಿಡಿದೆ. ಗೋಡೆಯಿಂದ ಮೂರು ಅಡಿ. ಕೋಣೆಯ ನಟ್ಟನಡುವೆ, ಆರು ಅಡಿಯಲ್ಲಿ, ಮತ್ತೆ ಗೂಳಿ. ಒಂಬತ್ತಕ್ಕೆ ಮತ್ತೆ ಮೌನ. ಆ ಸ್ವರ ಗೋಡೆಯಿಂದ ಗೋಡೆಗೆ ಹೋಗಿ ತನ್ನನ್ನೇ ತಾನು ಎದುರುಗೊಂಡು, ಕೆಲವು ಕಡೆ ಇಮ್ಮಡಿಯಾಗಿ, ಕೆಲವು ಕಡೆ ಅಳಿಸಿಹೋಗಿ, ಕದಲದೆ ನಿಂತುಬಿಟ್ಟಿತ್ತು. ಎಂಟು ವರ್ಷ ಮಲಗಿ ಎದ್ದ ಕೋಣೆ. ಅದರೊಳಗೆ ಆ ಸ್ವರ ಇಂಥದೊಂದು ಮನೆ ಕಟ್ಟಿಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. ದೇವರ ಮುಂದೆಯೂ ನಾನು ಅಷ್ಟು ಮೆಲ್ಲಗೆ ಹೆಜ್ಜೆ ಇಟ್ಟವಳಲ್ಲ.

ಆಮೇಲೆ ನೆನಪಾಗಿ ಫೋನಿಗೆ ಓಡಿದೆ. ದೊಡ್ಡಮ್ಮ ಎತ್ತಿದರು.

"ದೊಡ್ಡಮ್ಮ, ದೊಡ್ಡಪ್ಪ ಏನ್ಮಾಡ್ತಿದ್ದಾರೆ?"

"ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಿದ್ದಾರೆ ಕಣೇ. ಊಟದ ತನಕ ತಡೆಯೋಕಾಗಲ್ವಂತೆ. ಇಷ್ಟು ವರ್ಷದಲ್ಲಿ ನನ್ನ ಒಂದು ಬಟ್ಟೆಗೆ ಇಸ್ತ್ರಿ ಮಾಡಿದ ಮನುಷ್ಯ ಅಲ್ಲ, ಇವತ್ತು ಗಿಟಾರಿಗೆ ಇಸ್ತ್ರಿ."

"ಪ್ಲಗ್ ಕೀಳಿ! ಬಿಚ್ಚೋದು ಬೇಡ ಅನ್ನಿ. ತಪ್ಪು ನಂದು. ಗಿಟಾರ್ ಸಮೇತ ಕರ್ಕೊಂಡು ಬನ್ನಿ."

"ಕೀಳೋದು ಸುಲಭ. ಹೇಳೋದು ಹೇಗೆ?"

"ಬರೆದು ತೋರಿಸಿ."

ಮುಕ್ಕಾಲು ಗಂಟೆಯಲ್ಲಿ ಇಬ್ಬರೂ ಬಂದರು. ದೊಡ್ಡಪ್ಪನ ಕೈಯಲ್ಲಿ ದೊಡ್ಡಮ್ಮನ ಚೀಟಿ ಇನ್ನೂ ಇತ್ತು. *ಪುಟ್ಟಿದೇ ತಪ್ಪಂತೆ. ಬಿಚ್ಚೋದು ಬಿಡಿ, ಗಿಟಾರ್ ತಗೊಳ್ಳಿ, ಚಪ್ಪಲಿ ಹಾಕಿ.* ಅವರ ಮುಖದಲ್ಲಿ ಸಂಶಯ. "ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಈಗ ಮಾತು ಬದಲಾಯಿಸ್ತಿದ್ದೀಯಾ?" ಎಂದರು.

ಅವರಿಗೆ ಏನು ಬರೆದು ತೋರಿಸಿದರೂ ಅದು ಸಮಾಧಾನದ ಮಾತಾಗುತ್ತಿತ್ತು. ಗಿಟಾರಿನ ತಂತಿಗಳು ನುಡಿಯದಂತೆ ಅವುಗಳ ಅಡಿಗೆ ಒಂದು ಕರ್ಚೀಫು ಸಿಕ್ಕಿಸಿ, ಅವರ ಎದೆಗೆ ಕೊಟ್ಟು, ಎರಡೂ ಅಂಗೈಯನ್ನು ಅದರ ಬೆನ್ನಿಗೆ ಒತ್ತಿಸಿದೆ. ಗೋಡೆಗೆ ಬೆನ್ನಾಗಿ ನಿಲ್ಲಿಸಿ ಸ್ವರ ಬಿಟ್ಟೆ.

ಅವರ ಹುಬ್ಬು ಮೇಲೇರಿತು. "ಮರ ಕುಣೀತಿದೆ" ಎಂದರು.

ತೋಳು ಹಿಡಿದು ನಡೆಸಿದೆ. ಒಂದು ಹೆಜ್ಜೆ. ಇನ್ನೊಂದು ಅರ್ಧ. ಅವರು ತಾವಾಗಿಯೇ ನಿಂತರು. ಅಂಗೈಯನ್ನು ಎತ್ತಿ, ಮತ್ತೆ ಒತ್ತಿ, ಬೆರಳು ಅಗಲಿಸಿ ನೋಡಿದರು.

"ನಿಲ್ಲಿಸಿದ್ಯಾ?"

ಇಲ್ಲ ಎಂದು ತಲೆಯಾಡಿಸಿ ಸ್ಪೀಕರಿನ ಕಡೆ ಬೊಟ್ಟು ಮಾಡಿದೆ. ಪೊರೆ ನಡುಗುತ್ತಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಅರ್ಧ ಹೆಜ್ಜೆ ಹಿಂದೆ ಹೋದರು. "ಬಂತು." ಮುಂದೆ ಬಂದರು. "ಹೋಯ್ತು." ಹೀಗೆ ಎಷ್ಟು ಸಲ ಹೋಗಿ ಬಂದರೋ. ಗಿಟಾರನ್ನು ಮಗುವಿನಂತೆ ಎದೆಗವಚಿಕೊಂಡು, ಬಾಯಿ ಅರ್ಧ ತೆರೆದು, ಆ ಹನ್ನೆರಡು ಅಡಿಯಲ್ಲಿ ನಡೆದೇ ನಡೆದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ತಾವೂ ಬಂದು ಮೂರು ಅಡಿಯಲ್ಲಿ ನಿಂತು ಕಿವಿಗೊಟ್ಟರು. "ಅಯ್ಯೋ, ನಿಜ ಕಣ್ರೀ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ದೊಡ್ಡಪ್ಪ, ನಿಧಾನವಾಗಿ. "ಇಲ್ಲಿ ನೋಡಿದರೆ ಕುಣಿಯೋಳಿಗೆ ಚೆನ್ನಾಗೇ ಬರುತ್ತೆ. ನೆಲವೇ ಡೊಂಕು." ನಂತರ ನನ್ನ ತಲೆಗೆ ಒಂದು ಮೊಟಕಿದರು. "ನಿನ್ನ ಕೋಣೆ ಡೊಂಕಿಗೆ ನನ್ನ ಗಿಟಾರಿನ ಬೆನ್ನು ಸೀಳ್ತಿದ್ದೆನಲ್ಲೇ!"

ಟೇಪ್ ಹಿಡಿದು ಕುರ್ಚಿಯನ್ನು ನಾಲ್ಕೂವರೆ ಅಡಿಗೆ ತಂದೆ, ಗೂಳಿಗೂ ಮೌನಕ್ಕೂ ನಡುವೆ. ದೊಡ್ಡಪ್ಪನೇ ಮೇಜನ್ನು ಮೂಲೆಯಿಂದ ಎಳೆದು, ಸ್ಪೀಕರ್‌ಗಳನ್ನು ಗೋಡೆಯಿಂದ ದೂರ ಸರಿಸಿ, ಅವುಗಳ ನಡುವಿನ ಅಂತರವನ್ನು ಗಿಟಾರಿಗೆ ತಂತಿ ಹೊರುವ ಸೇತುವೆ ಕೂರಿಸುವವರ ಹಾಗೆ ಅಳೆದು ಇಟ್ಟರು. ರೆಕಾರ್ಡಿಂಗ್ ಹಾಕಿದೆ. ಕುರ್ಚಿಯಲ್ಲಿ ಅವರು, ಮಡಿಲಲ್ಲಿ ಗಿಟಾರ್, ಅದರ ಬೆನ್ನಿಗೆ ಅಂಗೈ. ತನ್ನದೇ ನಾದಕ್ಕೆ ಆ ಮರ ಅವರ ಕೈಯೊಳಗೆ ನಡುಗುತ್ತಿತ್ತು. ಎರಡನೇ ಫ್ರೆಟ್ ಬಂದಾಗ ನಾನು ಅವರ ಬೆರಳುಗಳನ್ನೇ ನೋಡಿದೆ. ಅವು ಕದಲಲಿಲ್ಲ. ಉಳಿದ ಸ್ವರಗಳ ಹಾಗೆಯೇ ಅದನ್ನೂ ಹಾದುಹೋಗಲು ಬಿಟ್ಟವು.

ಮುಗಿದ ಮೇಲೆ ಅವರು ಗಿಟಾರ್ ಎತ್ತಿಕೊಂಡೇ ಎದ್ದು, ಆ ಒಂದು ಸ್ವರವನ್ನು ಇನ್ನೊಮ್ಮೆ ಬಿಡು ಎಂದರು. ಹೋಗಿ ಮೂರು ಅಡಿಯ ಹತ್ತಿರ, ಅದು ಸಿಗದ ಜಾಗ ಹುಡುಕಿಕೊಂಡು ನಿಂತರು.

"ನನಗೆ ಈಗ ಎಲ್ಲಾ ಕಡೆ ಹೀಗೇ ಕಣೇ" ಎಂದರು. "ಸ್ವರಗಳೇ ಸತ್ತು ಹೋದವು ಅಂದ್ಕೊಂಡಿದ್ದೆ. ಅವು ಇದ್ದಲ್ಲೇ ಇವೆ. ನಾನು ನಿಂತ ಜಾಗಕ್ಕೆ ಬರ್ತಿಲ್ಲ, ಅಷ್ಟೇ."

ನನ್ನನ್ನು ಹತ್ತಿರ ಕರೆದು, ಜೇಬಿನಿಂದ ಬಟ್ಟೆ ಸುತ್ತಿದ ತೆಳು ಚಾಕು ತೆಗೆದು ನನ್ನ ಕೈಗಿಟ್ಟರು. ಬರುವಾಗ ಅದನ್ನು ತಂದಿದ್ದರೆಂದು ನನಗಾಗಲಿ ದೊಡ್ಡಮ್ಮನಿಗಾಗಲಿ ಗೊತ್ತಿರಲಿಲ್ಲ. "ಇದು ನಿನ್ನ ಹತ್ರಾನೇ ಇರಲಿ" ಎಂದು, ಗಿಟಾರಿನ ತಂತಿಗಳ ಅಡಿಯಿಂದ ಕರ್ಚೀಫು ಎಳೆದರು. ಸ್ವರವಿನ್ನೂ ಕೋಣೆಯಲ್ಲಿ ನಿಂತಿತ್ತು. ಅವರು ಅದು ಸಿಗುವ ಕಡೆಗೆ ಒಂದು ಹೆಜ್ಜೆ ಮುಂದಿಟ್ಟರು.