ಬ್ರೇಕ್ ಮೇಷ್ಟ್ರ ಕೊನೆಯ ಶಿಷ್ಯೆ

ಬ್ರೇಕ್ ಮೇಷ್ಟ್ರು ಸತ್ತದ್ದು ಕೆಲಸದ ಮೇಲಿದ್ದಾಗಲೇ. ಪಕ್ಕದಲ್ಲಿ ಕೂತು ಕಾರು ಕಲಿಯುತ್ತಿದ್ದ ದರ್ಜಿಗೆ ಅದು ಗೊತ್ತೇ ಆಗಲಿಲ್ಲ. ಮಾತೆತ್ತಿದರೆ "ಬ್ರೇಕ್! ಬ್ರೇಕ್!" ಎಂದು ಅರಚುವ ಮನುಷ್ಯ ತೆಪ್ಪಗೆ ಕೂತಿದ್ದಾನೆಂದರೆ ತನಗೆ ಗಾಡಿ ಕೈಹತ್ತಿತು ಎಂದೇ ದರ್ಜಿ ತಿಳಿದುಕೊಂಡ. ಹಿಗ್ಗಿ ಹೀರೇಕಾಯಿಯಾಗಿ ಊರನ್ನೆಲ್ಲ ಸುತ್ತಿದ, ಸೇತುವೆ ದಾಟಿ ಹೋಗಿ ತಿರುಗಿ ಬಂದ, ಕೊನೆಗೆ ಮೇಷ್ಟ್ರ ಮನೆ ಮುಂದೆ ನಯವಾಗಿ ನಿಲ್ಲಿಸಿ, "ಹೆಂಗಿತ್ತು ಸರ್?" ಎಂದು ಕೇಳಿದ. ಉತ್ತರ ಬರಲಿಲ್ಲ.

ಮೇಷ್ಟ್ರ ಹೆಂಡತಿಯನ್ನು ಬೀದಿಯವರೆಲ್ಲ ಹಲ್ಲಕ್ಕ ಎನ್ನುತ್ತಿದ್ದರು. ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಪ್ಲಾಸ್ಟರಿನ ದವಡೆಗಳನ್ನು ಮುಂದಿಟ್ಟುಕೊಂಡು, ಗುಲಾಬಿ ಮೇಣವನ್ನು ದೀಪದ ಉರಿಯಲ್ಲಿ ಮೆತ್ತಗೆ ಮಾಡಿ, ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಿದ್ದಳು. ಕೂದಲೆಳೆಯಷ್ಟು ವಾರೆಯಾದರೂ ಕಿತ್ತು ಮತ್ತೆ ಕೂರಿಸುವಳು. ಇಂಥ ನಿಗಾ ಇದ್ದ ಕೈಗೆ ಸ್ಟೀರಿಂಗ್ ಮಾತ್ರ ಒಲಿದಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಕಾರು ಕಲಿಸಲು ಹೊರಟಿದ್ದ. ಮೊದಲ ಪಾಠದಲ್ಲೇ ಅವಳು ಬೇಕರಿಯ ಕಟ್ಟೆಗೆ ಗುದ್ದಿದ್ದಳು. ಬನ್ನು ಕೊಳ್ಳಲು ನಿಂತ ಜನರೆದುರಿಗೆ ಆತ, "ಇದು ನಿನ್ನ ಕೈಲಾಗೋ ಕೆಲ್ಸ ಅಲ್ಲ, ಇಳಿ ಕೆಳಗೆ" ಎಂದುಬಿಟ್ಟಿದ್ದ. ಅವಳು ಇಳಿದಳು, ಮನೆಯವರೆಗೆ ನಡೆದೇ ಬಂದಳು. ಆಮೇಲೆ ಆತ ಊರಿಗೆ ಊರನ್ನೇ ಕಲಿಸಿದ, ತನ್ನ ತಂಗಿಗೂ ಕಲಿಸಿದ. ಹೆಂಡತಿಯನ್ನು ಮತ್ತೆ ಕರೆಯಲು ಬಾಯಿ ಬರಲಿಲ್ಲ. ಇವಳೂ ಕೇಳಲಿಲ್ಲ. ಬೇರೆಲ್ಲದರಲ್ಲಿ ಅವರು ಅನ್ಯೋನ್ಯವಾಗಿಯೇ ಇದ್ದರು. ಆ ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಹಾಗೇ ಉಳಿಯಿತು.

ಆತ ಹೋದ ಮೇಲೆ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ಯಾರಿಗಾದರೂ ದಾಟಿಸೋಣವೆಂದು ಹಲ್ಲಕ್ಕ ಒದ್ದೆ ಬಟ್ಟೆ ಹಿಡಿದು ಹೋದಳು. ಗಾಜಿನ ಕೆಳಗಿನ ಧೂಳು ಕೈಗೆ ಎಟುಕಲೆಂದು ಡ್ರೈವರ್ ಸೀಟಿನಲ್ಲಿ ಕೂತಳು.

"ಬೆಲ್ಟು."

ಅವಳ ಕೈಯಿಂದ ಬಟ್ಟೆ ಜಾರಿತು. ಪಕ್ಕದ ಸೀಟು ಖಾಲಿಯಾಗಿರಲಿಲ್ಲ. ಅದೇ ಬೂದು ಸ್ವೆಟರ್ ತೊಟ್ಟು, ಅದೇ ಹಾಗೆ ಕುತ್ತಿಗೆ ಮುಂದೆ ಚಾಚಿ, ರಸ್ತೆಯೇ ಇಲ್ಲದ ಶೆಡ್ಡಿನ ಗೋಡೆಯನ್ನು ರಸ್ತೆಯೆಂಬಂತೆ ನೋಡುತ್ತ ಮೇಷ್ಟ್ರು ಕೂತಿದ್ದರು. ಅವರ ಕಡೆಯ ಕಿಟಕಿಗೆ ಮಾತ್ರ ಒಳಗಿನಿಂದ ಮಂಜು ಹಿಡಿದಿತ್ತು.

"ಏನ್ ಹಂಗ್ ನೋಡ್ತಿದ್ದೀಯ? ಕೂತ ತಕ್ಷಣ ಬೆಲ್ಟ್ ಹಾಕ್ಬೇಕು, ಎಷ್ಟ್ ಸಲ ಹೇಳ್ಬೇಕು ನಿಂಗೆ?"

ಹಲ್ಲಕ್ಕ ಇಳಿದು ಓಡಲು ಬಾಗಿಲ ಹಿಡಿಗೆ ಕೈ ಹಾಕಿದ್ದಳು. ಆದರೂ ಬಾಯಿಂದ ಬಂದದ್ದು, "ಒಂದ್ಸಲಾನೂ ಹೇಳಿಲ್ಲ. ಮೊದಲ್ನೇ ದಿನಾನೇ ಇಳಿಸಿ ಕಳಿಸಿದ್ರಲ್ಲ" ಎಂಬ ಮಾತು.

ಆತ ಗೋಡೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. "ಅದಕ್ಕೇ ಕಣೆ ಬಂದಿದ್ದು," ಎಂದ. "ಎಲ್ಲಾ ಬಿಟ್ಟು ಹೊರಟಿದ್ದೆ. ಹೊಸಲು ದಾಟೋಕೆ ಆಗ್ಲಿಲ್ಲ. ಇದೊಂದು ಉಳ್ಕೊಂಡಿದೆ. ನೀನು ಟೆಸ್ಟ್ ಪಾಸಾಗು, ನಾನು ಹೋಗ್ತೀನಿ."

ಹೀಗೆ ಪಾಠ ಶುರುವಾಯಿತು. ಕಾನೂನಿನ ಪ್ರಕಾರ ಲೈಸೆನ್ಸ್ ಇದ್ದವರು ಜೊತೆಗಿರಬೇಕಲ್ಲ, ಅದಕ್ಕೆ ನಾದಿನಿಯನ್ನು ಕರೆದಳು. ನಾದಿನಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದವಳು, ಬಾಯಿಗೆ ಬೀಗವಿಲ್ಲದವಳು. "ಮುಂದೆ ಕೂತ್ರೆ ನಂಗೆ ತಲೆ ಸುತ್ತುತ್ತಪ್ಪ" ಎಂದು ಹಿಂದಿನ ಸೀಟು ಹಿಡಿದಳು. ಹಿಂದೆ ಇವಳು ಆಸ್ಪತ್ರೆಯ ಕತೆ ಹೊಡೆಯುವಳು, ಮುಂದೆ ಆತ ಕಿರುಚುವನು, ನಡುವೆ ಹಲ್ಲಕ್ಕ ಇಬ್ಬರಿಗೂ ಉತ್ತರ ಕೊಟ್ಟು ಸುಸ್ತಾಗುವಳು.

"ಕ್ಲಚ್ ಬಿಡು ನಿಧಾನಕ್ಕೆ! ನಿಧಾನಕ್ಕೆ ಅಂದ್ರೆ ನಿಧಾನಕ್ಕೆ!"

"ಬಿಡ್ತಿದ್ದೀನಲ್ಲ, ಕೂಗ್ಬೇಡಿ."

"ನಾನೆಲ್ಲಿ ಕೂಗ್ದೆ ಅತ್ತಿಗೆ?" ಎಂದು ನಾದಿನಿ.

ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಪೆಡಲಿತ್ತು, ಕಲಿಸುವವರಿಗೆಂದೇ ಹಾಕಿಸಿದ್ದು. ಆತ ಅದನ್ನು ಎಷ್ಟು ತುಳಿದರೂ ಕಾರು ನಿಲ್ಲುತ್ತಿರಲಿಲ್ಲ. ಆ ಸಿಟ್ಟಿಗೆ ಇನ್ನಷ್ಟು ಕಿರುಚುವನು. ಆ ಕಿರುಚಾಟ ಕೇಳುತ್ತ ಹಲ್ಲಕ್ಕನಿಗೆ ಮನೆ ಮತ್ತೆ ತುಂಬಿದ ಹಾಗೆ ಅನ್ನಿಸುತ್ತಿತ್ತು. ದವಡೆಗಳ ಮುಂದೆ ಕೂತರೂ ಗಡಿಯಾರ ನೋಡುವಳು. ಕೆಲಸ ಮುಗಿದದ್ದೇ ತಡ, ಶೆಡ್ಡಿಗೆ ಓಡುವಳು.

ಒಂದು ಸಂಜೆ ಅಂಚೆ ಕಚೇರಿಯ ಮುಂದೆ ಸಿಗ್ನಲ್ ಬಿದ್ದಾಗ ಆತ ಕಿಟಕಿಯಾಚೆ ನೋಡುತ್ತ, "ಅಲ್ಲೊಬ್ಬ ನಿಂತಿದ್ದಾನೆ, ಛತ್ರಿ ಹಿಡ್ಕೊಂಡು," ಎಂದ. ಅವಳಿಗೆ ಯಾರೂ ಕಾಣಲಿಲ್ಲ.

"ನಮ್ಮ ಪೈಕಿ. ಯಾರನ್ನೋ ಕಾಯೋಕೆ ಅಂತ ಉಳ್ಕೊಂಡವನು. ಯಾರನ್ನ ಅಂತ ಕೇಳಿದ್ರೆ ಅವನಿಗೇ ಗೊತ್ತಿಲ್ಲ. ತನ್ನ ಹೆಸರೂ ಗೊತ್ತಿಲ್ಲ. ಕಾಯೋದೊಂದೇ ಉಳಿದಿದೆ."

"ಯಾಕ್ರೀ ಹಂಗೆ?"

"ಇರ್ತಾ ಇರ್ತಾ ಸವೆದು ಹೋಗುತ್ತೆ ಕಣೆ. ಹಸಿರು ಬಿತ್ತು ನೋಡು, ಹೊರಡು."

ಅವಳು ಹೊರಟಳು. ಆ ಮಾತನ್ನು ಕಿವಿಗೆ ಹಾಕಿಕೊಂಡಳೇ ಹೊರತು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಟೆಸ್ಟಿನ ದಿನ ಬಂತು. ಹಲ್ಲಕ್ಕನಿಗೆ ಆ ಹೊತ್ತಿಗೆ ಗಾಡಿ ನೀರು ಕುಡಿದಷ್ಟು ಸಲೀಸಾಗಿತ್ತು. ಮೈದಾನದಲ್ಲಿ ಕಂಬಗಳ ನಡುವೆ ಹಿಂದಕ್ಕೆ ಹೋಗಿ ನಿಲ್ಲಿಸಬೇಕಿತ್ತು, ಅಷ್ಟೆ. ಇನ್ಸ್‌ಪೆಕ್ಟರು ದಪ್ಪ ಮೀಸೆಯ ಗಂಭೀರ ಮನುಷ್ಯ. ಆತ ಮುಂದಿನ ಸೀಟಿನಲ್ಲಿ ಕೂತ ಕೂಡಲೇ, "ಏನ್ರೀ ಇದು, ಐಸ್ ಪೆಟ್ಟಿಗೆ ಇದ್ದ ಹಾಗಿದೆ" ಎಂದು ತಟ್ಟನೆ ಎದ್ದು ಮತ್ತೆ ಕೂತ. ಆತ ಕೂತದ್ದು ಮೇಷ್ಟ್ರ ತೊಡೆಯ ಮೇಲೆ. ಮೇಷ್ಟ್ರು ಮುಖ ಸಿಂಡರಿಸಿಕೊಂಡು ಹಿಂದಿನ ಸೀಟಿಗೆ ಸರಿದರು.

ಹಲ್ಲಕ್ಕ ರಿವರ್ಸ್ ಗೇರು ಹಾಕಿದಳು. ಕನ್ನಡಿಯಲ್ಲಿ ಕಂಬಗಳು ಕಂಡವು, ಹಿಂದಿನ ಸೀಟು ಕಂಡಿತು. ಆ ಸೀಟಿನಲ್ಲಿ ಮೇಷ್ಟ್ರು ಕೂತಿದ್ದರೂ ಕನ್ನಡಿಯಲ್ಲಿ ಯಾರೂ ಇರಲಿಲ್ಲ. ಇದು ಮುಗಿದರೆ ತಿರುಗಿ ನೋಡಿದರೂ ಯಾರೂ ಇರುವುದಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಸ್ಟೀರಿಂಗನ್ನು ಬೇಕೆಂದೇ ಎಳೆದಳು. ಕಂಬ ಧಡಾರನೆ ಬಿತ್ತು.

"ಮತ್ತೆ ಬನ್ನಿ," ಎಂದರು ಇನ್ಸ್‌ಪೆಕ್ಟರು.

ಮುಂದಿನ ಸಲ ಇಂಡಿಕೇಟರಿನ ಬದಲು ವೈಪರ್ ಹಾಕಿದಳು. ಅದರ ಮುಂದಿನ ಸಲ ಹ್ಯಾಂಡ್‌ಬ್ರೇಕ್ ತೆಗೆಯದೆ ಎಂಜಿನ್ನನ್ನು ಊಳಿಡಿಸಿದಳು. ಫೇಲಾಗುವುದರಲ್ಲಿ ಅವಳು ಪಳಗಿಬಿಟ್ಟಳು. ಮೇಷ್ಟ್ರು ಮೊದಮೊದಲು ತಲೆ ಚಚ್ಚಿಕೊಂಡರು. ಆಮೇಲಾಮೇಲೆ ಬೈಗುಳ ಕಡಿಮೆಯಾಯಿತು. ಸ್ವೆಟರಿನ ಬಣ್ಣ ಒಗೆದು ಒಗೆದು ಹೋದಂತೆ ತೆಳುವಾಯಿತು. ಅವರ ಹೆಗಲಿನ ಮೂಲಕ ಬಾಗಿಲ ಹಿಡಿ ಕಾಣತೊಡಗಿತು. ಹಲ್ಲಕ್ಕ ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದಳು.

ಒಂದು ಭಾನುವಾರ ಸೇತುವೆಯ ಮೇಲೆ ಹೋಗುತ್ತಿದ್ದಾಗ ಮೇಷ್ಟ್ರು ಬಗ್ಗಿ ಮೆಲ್ಲಗೆ ಕೇಳಿದರು: "ಹಿಂದೆ ಕೂತಿದ್ದಾರಲ್ಲ ಆ ಹೆಂಗಸು, ಯಾರವರು?"

ಹಲ್ಲಕ್ಕನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಕಾರು ಗಕ್ಕನೆ ನಿಂತಿತು. ಹಿಂದೆ ನಾದಿನಿಯ ಮಾತೂ ನಿಂತಿತು. ಅವಳು ಮುಂದಕ್ಕೆ ಬಾಗಿ, ಖಾಲಿ ಸೀಟಿನ ಬೆನ್ನನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿ, "ಅಣ್ಣ ಏನಂದ ಅತ್ತಿಗೆ?" ಎಂದಳು.

"ನಿಂಗೆ... ಗೊತ್ತಾ?"

"ನೀನು ಒಬ್ಬೊಬ್ಬಳೇ ಜಗಳ ಆಡೋಳಲ್ಲ ಅಂತ ಗೊತ್ತು. ನಂಗೆ ಕಾಣಲ್ಲ, ಕೇಳಲ್ಲ. ಆದ್ರೆ ಅವನ ಜಾಗದಲ್ಲಿ ನಾನ್ಯಾಕೆ ಕೂರ್ಲಿ? ಹೇಳು, ಏನಂದ?"

ಹಲ್ಲಕ್ಕ ಕಣ್ಣು ಮುಚ್ಚಿದಳು. "ಸಣ್ಣಗಾಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣೋಕೆ ಹೇಳು ಅಂದ್ರು."

ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಮೇಷ್ಟ್ರು ಪಾಪ, ಏನೂ ಅರ್ಥವಾಗದೆ ಸಭ್ಯರಾಗಿ ಬೇರೆ ಕಡೆ ನೋಡಿದರು.

ಮರುದಿನ ಹಲ್ಲಕ್ಕ ಒಬ್ಬಳೇ ಶೆಡ್ಡಿಗೆ ಹೋಗಿ ಕೂತಳು. ಬೆಲ್ಟು ಹಾಕಿದಳು. ಎಂಜಿನ್ ಚಾಲೂ ಮಾಡಲಿಲ್ಲ.

"ಬನ್ನಿ ಮೇಡಂ," ಎಂದರು ಪಕ್ಕದಿಂದ. "ಹೊಸಬರಾ?"

ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. "ಹೂಂ."

"ಹೆದರ್ಬೇಡಿ. ಎಲ್ರೂ ಮೊದಲು ಹೆದರ್ತಾರೆ. ಮನೇಲಿ ಯಜಮಾನ್ರು ಏನ್ಮಾಡ್ತಾರೆ?"

"ಡ್ರೈವಿಂಗ್ ಕಲಿಸ್ತಿದ್ರು."

"ಅರೆ! ಮತ್ತೆ ನಿಮಗ್ಯಾಕೆ ಕಲಿಸ್ಲಿಲ್ಲ?"

"ಒಂದ್ಸಲ ಜನರ ಮುಂದೆ ಬೈದ್ರು. ನಾನು ಹಟ ಹಿಡಿದೆ. ಅವರೂ ಹಿಡಿದ್ರು."

ಮೇಷ್ಟ್ರು ಗಲ್ಲ ಕೆರೆದುಕೊಂಡು ಯೋಚಿಸಿದರು. "ತಪ್ಪು ಅವರದ್ದೇ ಬಿಡಿ. ಬೈದ ಮೇಲೆ ಸಂಜೆ ಮನೆಗೆ ಹೋಗಿ 'ಬಾ, ನಾಳೆ ಇನ್ನೊಂದ್ಸಲ ನೋಡೋಣ' ಅನ್ನೋಕೆ ಏನಾಗಿತ್ತು? ಅಷ್ಟೇ ಮಾತಲ್ವಾ? ನಂಗೇನಾದ್ರೂ ಸಿಕ್ಕಿದ್ರೆ ಹೇಳ್ತೀನಿ ಅವರಿಗೆ."

ಹಲ್ಲಕ್ಕ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತಳು. ಎಷ್ಟು ವರ್ಷದಿಂದ ಕಾದಿದ್ದ ಮಾತು ಅದು! ಹೇಳಿದವರಿಗೆ ಅದು ತಮ್ಮದೆಂದು ಗೊತ್ತಿಲ್ಲ. ತಾನು ಹಿಡಿದಿಟ್ಟುಕೊಂಡದ್ದು ಗಂಡನನ್ನಲ್ಲ, ಅವನ ಕಸುಬನ್ನು ಮಾತ್ರ ಎಂದು ಅವಳಿಗೆ ಸ್ಪಷ್ಟವಾಯಿತು. ಇನ್ನೂ ತಡ ಮಾಡಿದರೆ ಕಸುಬೂ ಹೋಗಿ, ಬರೀ "ಬ್ರೇಕ್" ಎಂಬ ಕೂಗೊಂದು ಈ ಸೀಟಿನಲ್ಲಿ ಉಳಿದೀತು.

"ಅಳ್ಬೇಡಿ ಮೇಡಂ. ಪಾಸ್ ಮಾಡಿಸೋ ಜವಾಬ್ದಾರಿ ನಂದು," ಎಂದರು ಮೇಷ್ಟ್ರು.

ಆ ವಾರವೇ ಮತ್ತೆ ಟೆಸ್ಟಿಗೆ ಹೋದಳು. ನಾದಿನಿ ಗೇಟಿನ ಬಳಿ ನಿಂತಳು. ಇನ್ಸ್‌ಪೆಕ್ಟರು ಹಲ್ಲಕ್ಕನನ್ನು ನೋಡಿದ್ದೇ ಉಸ್ಸೆಂದು, ಬೀಳುವ ಕಂಬಗಳನ್ನು ಎತ್ತಿ ನಿಲ್ಲಿಸಲು ಆಳೊಬ್ಬನನ್ನು ಮೊದಲೇ ಕರೆಸಿಕೊಂಡರು. ಹಿಂದಿನ ಸೀಟಿನಿಂದ ಮೇಷ್ಟ್ರು ಈ ಸಲ ಕಿರುಚಲಿಲ್ಲ. "ಹಾಂ... ಹಂಗೇ... ಸ್ವಲ್ಪ ಬಿಡಿ... ಕನ್ನಡಿ ನೋಡಿ... ಸಾಕು" ಎಂದು ಮಗುವನ್ನು ಮಲಗಿಸುವವರ ಹಾಗೆ ಹೇಳುತ್ತಿದ್ದರು. ಹಲ್ಲಕ್ಕನ ಕೈ ಮೇಣದಲ್ಲಿ ಹಲ್ಲು ನಿಲ್ಲಿಸುವಾಗ ಇರುವಷ್ಟೇ ಸ್ಥಿರವಾಗಿತ್ತು. ಎಲ್ಲ ಕಂಬಗಳೂ ನಿಂತೇ ಇದ್ದವು.

"ಪಾಸು!" ಇನ್ಸ್‌ಪೆಕ್ಟರಿಗೆ ತಮ್ಮ ಬಾಯಿಯ ಮೇಲೇ ನಂಬಿಕೆ ಬರಲಿಲ್ಲ. ಆತ ಇಳಿದು ಹೋದ.

ಹಲ್ಲಕ್ಕ ಹಿಂದೆ ತಿರುಗಿದಳು. ಮೇಷ್ಟ್ರು ಇನ್ನೂ ಇದ್ದರು, ಗಾಜಿನ ಮೇಲಿನ ಉಸಿರಿನಷ್ಟು.

"ಚೆನ್ನಾಗ್ ಓಡಿಸಿದ್ರಿ ಮೇಡಂ. ನಿಮ್ಮ ಯಜಮಾನ್ರಿಗೆ ಹೇಳಿ..."

"ಏನಂತ ಹೇಳ್ಲಿ?"

ಆತ ಹುಬ್ಬು ಗಂಟಿಕ್ಕಿದ. ಏನನ್ನೋ ನೆನೆಯಲು ಬಹಳ ಕಷ್ಟಪಟ್ಟ ಹಾಗೆ ಕಂಡಿತು. "ಏನೋ ಇತ್ತು," ಎಂದ. "ಇರ್ಲಿ ಬಿಡಿ. ನಿಮಗೇ ಗೊತ್ತಿರುತ್ತೆ."

"ಗೊತ್ತು ರೀ," ಎಂದಳು ಹಲ್ಲಕ್ಕ. ಅಷ್ಟರಲ್ಲಿ ಸೀಟು ಬರೀ ಸೀಟಾಗಿತ್ತು.

ನಾದಿನಿ ಗೇಟಿನಿಂದ ಓಡಿ ಬಂದವಳು ಅತ್ತಿಗೆಯ ಮುಖ ನೋಡಿ ಕಾರು ಹತ್ತಿದಳು. ದಾರಿಯುದ್ದಕ್ಕೂ ಅವಳು ಬಾಯಿ ಬಿಡದಿದ್ದುದು ಅದೇ ಮೊದಲು. ಮನೆ ತಲುಪಿ, ಕಾರು ಶೆಡ್ಡಿನಲ್ಲಿ ನಿಂತು, ಎಂಜಿನ್ ಆರಿದ ಮೇಲೂ ಹಲ್ಲಕ್ಕ ಇಳಿಯಲಿಲ್ಲ. ಇಳಿ ಎಂದು ನಾದಿನಿ ಹೇಳಲೂ ಇಲ್ಲ. ಒಳಗೆ ಹೋಗಿ ಅನ್ನ ಬಿಸಿ ಮಾಡಿ, ಒಂದೇ ತಟ್ಟೆಯಲ್ಲಿ ಇಬ್ಬರಿಗೂ ಹಾಕಿಕೊಂಡು ಬಂದಳು. ಬಾಗಿಲು ತೆರೆದಿಟ್ಟುಕೊಂಡು ಇಬ್ಬರೂ ಅಲ್ಲೇ ಕೂತು ಉಂಡರು.

"ಉಪ್ಪು ಕಮ್ಮಿಯಾಯ್ತಾ?" ಎಂದಳು ನಾದಿನಿ.

"ಸರಿಯಾಗಿದೆ," ಎಂದಳು ಹಲ್ಲಕ್ಕ, ಕಣ್ಣೊರೆಸಿಕೊಂಡು ಇನ್ನೊಂದು ತುತ್ತು ಕಲಸಿದಳು.